ಜಗುಲಿಗೆ ಬಂದ ಮೈಕ್ರೋಸ್ಕೋಪು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಳ್ಳೇಗಾಲದ ಮಲೇರಿಯಾ ಆಫೀಸಿನಲ್ಲಿ ಸೊಳ್ಳೆ ಹಿಡಿಯುವ ಕೆಲಸದಲ್ಲಿದ್ದೆ. ನಗುವವರು ನಗಲಿ. ಬೆಳಗಾಗುತ್ತಲೇ ದನದ ಕೊಟ್ಟಿಗೆಗೆ ನುಗ್ಗಿ, ಗೋಡೆಗೆ ಕೂತ ಸೊಳ್ಳೆಯನ್ನು ಗಾಜಿನ ಕೊಳವೆಯೊಳಕ್ಕೆ ಬಾಯಿಂದ ಉಸಿರೆಳೆದು ಸೆಳೆದುಕೊಳ್ಳಬೇಕು. ಕೊಳವೆಯ ನಡುವೆ ಸೊಳ್ಳೆಪರದೆಯ ಒಂದು ಚೂರು ಕಟ್ಟಿರುತ್ತಿತ್ತು. ಅದಿಲ್ಲದಿದ್ದರೆ ಪಕ್ಕದೂರು ಧನಗೆರೆಯ ಅರ್ಧ ಸೊಳ್ಳೆಗಳು ನನ್ನ ಹೊಟ್ಟೆ ಸೇರುತ್ತಿದ್ದವು.

ಅವುಗಳಲ್ಲಿ ಮಲೇರಿಯಾದ ಹುಳ ಇದೆಯೇ ಎಂದು ಸೀಳಿ ನೋಡುತ್ತಿದ್ದವರು ನಮ್ಮ ಲ್ಯಾಬಿನ ಹಿರಿಯರೊಬ್ಬರು. ಕಾಫಿ ಲೋಟ ಹಿಡಿದರೆ ಅವರ ಕೈ ನಡುಗುತ್ತಿತ್ತು. ಸೂಜಿ ಹಿಡಿದರೆ ಇಲ್ಲ. ಹೊಲಿಗೆ ಸೂಜಿಗಳನ್ನು ಬಿದಿರುಕಡ್ಡಿಗೆ ಸಿಕ್ಕಿಸಿ, ಕಲ್ಲಿಗೆ ಉಜ್ಜಿ ತಾವೇ ಮಾಡಿಕೊಂಡದ್ದು. ಒಂದರಿಂದ ಸೊಳ್ಳೆಯ ಎದೆ ಒತ್ತಿ, ಇನ್ನೊಂದರಿಂದ ತಲೆಯನ್ನು ಮೆಲ್ಲಗೆ ಎಳೆದರೆ ಜೊಲ್ಲಿನ ಗ್ರಂಥಿಯೂ ಜತೆಗೇ ಬರುತ್ತಿತ್ತು. ನಾನು ಎಳೆದರೆ ಬರೀ ತಲೆ. ಆ ಕೈಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ದೂರದ ಕಾಡಂಚಿನ ಊರು ಗೋಪಿನಾಥಂನಲ್ಲಿ ಒಬ್ಬ ಹೆಂಗಸು ಸೊಳ್ಳೆ ಹಿಡಿಯಲು ನನಗೆ ತನ್ನ ಕೊಟ್ಟಿಗೆ ಬಿಟ್ಟುಕೊಟ್ಟಿದ್ದಳು. ಹಿಂದಿನ ವರ್ಷ ಅವಳ ಮಗಳು ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಬಟ್ಟೆ ಒಗೆಯಲು ಹೋಗುವಾಗ ಮಗುವನ್ನೂ ಹೊಳೆಗೆ ಕರೆದೊಯ್ದಳು, ಅಲ್ಲೇ ಗಾಳಿ ಸೋಕಿತು ಎಂದು ಅತ್ತೆ ತಪ್ಪನ್ನೆಲ್ಲ ಅವಳ ಮೇಲೇ ಹಾಕಿದ್ದಳು. ನಾನು ಕೊಟ್ಟಿಗೆಯಿಂದ ಹೊರಬಂದಾಗಲೆಲ್ಲ ಕೇಳುವಳು, "ಏನಾರ ಸಿಕ್ತಾ ಸಾ?"

ಎಲ್ಲಿಂದ ಸಿಗಬೇಕು? ಹಿಡಿದದ್ದನ್ನು ಪರದೆಯ ಗೂಡಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ತಂದರೂ ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಸೊಳ್ಳೆಗಳು ಸತ್ತು ಒಣಗಿರುತ್ತಿದ್ದವು. ಒಣಗಿದ್ದರಲ್ಲಿ ಏನೂ ಕಾಣದು. ಎರಡು ಸಲ ಹೀಗಾದ ಮೇಲೆ ಹಿರಿಯರಿಗೆ ಆ ತಾಯಿಯ ಮಾತು ಹೇಳಿದೆ. ಅವರು ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಜತೆ ಬಸ್ಸಿನಲ್ಲಿ ಕೂತರು. ದಾರಿಯುದ್ದಕ್ಕೂ ಅದನ್ನು ಕೆಳಗಿಡಲಿಲ್ಲ.

ಮರುದಿನ ಅವಳ ಮನೆಯ ಜಗುಲಿಯಲ್ಲಿ, ಬಿಸಿಲು ಮೈಕ್ರೋಸ್ಕೋಪಿನ ಕನ್ನಡಿಗೆ ಬೀಳುವಂತೆ ಕೂತು, ನಾನು ಹಿಡಿದು ತಂದದ್ದನ್ನೆಲ್ಲ ಒಂದೊಂದಾಗಿ ಸೀಳಿದರು. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ, "ಬಾರಮ್ಮ, ನೋಡು" ಎಂದರು. ಗ್ರಂಥಿಯ ತುಂಬ ಕೂದಲಿಗಿಂತ ಸಣ್ಣ ಎಳೆಗಳು ಮಿಸುಕುತ್ತಿದ್ದವು.

"ಚಳಿಜ್ವರದ ಹುಳ ಇದು. ಸೊಳ್ಳೆ ಕಚ್ಚಿದಾಗ ಮೈಗೆ ಹೋಗುತ್ತೆ. ಈ ಸೊಳ್ಳೆ ನಿಮ್ಮ ಕೊಟ್ಟಿಗೇದು."

ಅವಳು ತುಂಬ ಹೊತ್ತು ಬಗ್ಗಿ ನೋಡಿದಳು.

"ಅಂಗಾರೆ ನಾನು ಹೊಳೆಗೆ ಕರಕಂಡ್ ಓಗಿದ್ದಕ್ಕಲ್ವಾ ಸಾ?"

"ಅಲ್ಲ ಕಣಮ್ಮ," ಎಂದರು ಹಿರಿಯರು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅತ್ತೆಯ ಕೈ ಹಿಡಿದು ಕರೆತಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

"ನೋಡತ್ತೆ," ಎಂದಳು. "ಚೆನ್ನಾಗ್ ನೋಡು."