ಶೀರ್ಷಿಕೆಯ ಕೆಳಗಿನ ಪದ

ಓಂಕಾರೇಶನನ್ನು ಮಣ್ಣು ಮಾಡಿ ಬಂದ ಮರುದಿನವೇ ಕಡೂರಿನಿಂದ ರಘುನಾಥ್ ಫೋನ್ ಮಾಡಿದರು. ಓಂಕಾರೇಶನ ಪುಸ್ತಕ ಅವರ ಮುದ್ರಣಾಲಯದಲ್ಲಿತ್ತು.

"ಮೇಷ್ಟ್ರೇ, ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಒಂದು ಪದ ಬಾಕಿ ಉಳಿದಿದೆ. 'ಕೈ ಎತ್ತಿದ ಊರು' ಅಂತ ಪುಸ್ತಕದ ಹೆಸರು ಹಾಕಿದ್ದೀವಿ. ಅದರ ಕೆಳಗೆ ಏನು ಹಾಕ್ಲಿ? ಕಾದಂಬರಿ ಅಂತಲೋ, ಬೀರೂರಿನ ಚರಿತ್ರೆ ಅಂತಲೋ?"

"ಅವನೇನು ಹೇಳಿದ್ದ?"

"ಅಜ್ಜಂಪುರದ ಕಡೆ ಒಬ್ಬರನ್ನ ನೋಡ್ಕೊಂಡು ಬಂದು ಹೇಳ್ತೀನಿ ಅಂದಿದ್ರು."

ಹೋಗಿದ್ದ. ನೋಡಿಕೊಂಡು ಬಂದೂ ಇದ್ದ. ಬೀರೂರು ಜಂಕ್ಷನ್ನಿನಲ್ಲಿ ರೈಲಿಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಸುದ್ದಿ ತಂದವರು ಹೀಗೆ ಹೇಳಿದಾಗ, ಓಂಕಾರೇಶ ಬೆಂಚಿನ ಮೇಲೆ ಕೂತನೆಂಬುದನ್ನೇ ನಾನು ಮೊದಲು ನಂಬಲಿಲ್ಲ.

ಅವನು ಕೂರುವವನಾಗಿರಲಿಲ್ಲ. ಬೀರೂರಿನ ಮಂಡಿ ಬೀದಿಯಲ್ಲಿ ಅವನದು ಗೋಣಿಚೀಲದ ಅಂಗಡಿ. ತಂದೆ ಕಲ್ಲೇಶಪ್ಪನವರು ಇಟ್ಟದ್ದು. ಕೊಬ್ಬರಿಗೆ, ಈರುಳ್ಳಿಗೆ, ರಾಗಿಗೆ ಚೀಲ ಬೇಕಾದವರೆಲ್ಲ ಅಲ್ಲಿಗೆ ಬರಬೇಕು. ಬಂದವರು ಚೀಲದ ರಾಶಿಯ ಮೇಲೆ ಕೂತು ಊರಿನ ಮಾತಾಡುತ್ತಿದ್ದರು. ಯಜಮಾನ ಮಾತ್ರ ಬಾಗಿಲಿಗೂ ಗೋಡೆಗೂ ಓಡಾಡುತ್ತ ಕೇಳಿಸಿಕೊಳ್ಳುತ್ತಿದ್ದ. ಬರೆಯುವುದೂ ಹಾಗೇ. ಸಂಜೆ ಅಂಗಡಿ ಮುಚ್ಚಿ, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತ ವಾಕ್ಯಗಳನ್ನು ಬಾಯಲ್ಲೇ ಕಟ್ಟಿ, ಮನೆಗೆ ಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿ ನಿಂತೇ ಬರೆಯುತ್ತಿದ್ದ. ಹೆಂಡತಿ ಯಶೋದಾ ಅವನ ಮೊಣಕೈ ಪಕ್ಕದಲ್ಲೇ ರೊಟ್ಟಿ ತಟ್ಟಬೇಕಿತ್ತು. "ಇವರ ಪುಸ್ತಕದಲ್ಲಿ ಅರ್ಧ ನಮ್ಮನೆ ಹಿಟ್ಟೇ ಐತೆ ಕಣ್ರೀ" ಎಂದು ನನ್ನೆದುರು ನಗುತ್ತಿದ್ದರು.

ನನಗೆ ಅವನು ಸಿಕ್ಕಿದ್ದು ಪುಸ್ತಕಗಳಿಂದಲೇ. ನಾನು ತರೀಕೆರೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ದೊಡ್ಡ ನಗರಗಳ ರಾಜಕೀಯದ ಬಗ್ಗೆ, ಅಲ್ಲಿಯ ಜನರ ಬದುಕಿನ ಬಗ್ಗೆ ಬರೆದ ಕಾದಂಬರಿಗಳು, ಚರಿತ್ರೆಗಳು ನನ್ನ ಕಪಾಟು ತುಂಬಾ ಇವೆ. ಓಂಕಾರೇಶ ಭಾನುವಾರದ ರೈಲಿಗೆ ಬಂದು ಒಂದನ್ನು ಒಯ್ಯುತ್ತಿದ್ದ. ಮುಂದಿನ ಸಲ ಒಂದು ಜಗಳದ ಜೊತೆ ಅದನ್ನು ಹಿಂದಿರುಗಿಸುತ್ತಿದ್ದ.

"ಅಲ್ಲ ಮೇಷ್ಟ್ರೇ, ದೊಡ್ಡ ಊರಲ್ಲಿ ಒಂದು ಗಿರಣಿ ಮುಚ್ಚಿದ್ರೆ ದಪ್ಪ ಪುಸ್ತಕ ಬರೀತಾರೆ. ನಮ್ಮೂರಲ್ಲಿ ಸಂತೆ ಎಲ್ಲಿ ಕಟ್ಬೇಕು ಅನ್ನೋ ಮಾತಿಗೆ ಗೊತ್ತಾಗಿದ್ದ ಮದುವೇನೇ ಮುರಿದೋಯ್ತು. ಅದಕ್ಕೆ ಒಂದು ಪುಟನೂ ಇಲ್ವಲ್ರೀ?"

"ನೀನೇ ಬರಿ."

"ಬರೀತೀನಿ. ಆದ್ರೆ ಕಾದಂಬರಿ ಬರೆಯಲ್ಲ. ಕಾದಂಬರಿ ಬರೆಯೋನು ತಪ್ಪಿಸ್ಕೊಬೋದು. ಯಾರಾದ್ರೂ ಬಂದು ಕೇಳಿದ್ರೆ ಕಲ್ಪನೆ ಅಂತಾನೆ."

ನಾನು ಕಾದಂಬರಿಯ ಪಕ್ಷ. ಚುನಾವಣೆಯಲ್ಲಿ ಯಾರು ಗೆದ್ದರೆಂದು ಚರಿತ್ರೆಗೆ ಗೊತ್ತಿರುತ್ತದೆ. ಆ ಸಂಜೆ ಸೋತವನ ಮನೆಯಲ್ಲಿ ಯಾರು ಉಣ್ಣದೆ ಮಲಗಿದರೆಂಬುದು ಗೊತ್ತಿರುವುದಿಲ್ಲ ಎಂದೆ.

"ಗೊತ್ತಿಲ್ಲ ಅಂದ್ರೆ ಹೋಗಿ ಕೇಳ್ಬೇಕು ಕಣ್ರೀ. ರೈಲು ಯಾಕಿದೆ?"

ಹೋಗಿ ಕೇಳಿದ. ಪುರಸಭೆಯ ಹಳೆಯ ಸದಸ್ಯರು, ಹಮಾಲರು, ರೈಲ್ವೆಯಿಂದ ನಿವೃತ್ತರಾದವರು ಕಡೂರು, ಅಜ್ಜಂಪುರ, ಅಮೃತಾಪುರ ಎಂದು ಎಲ್ಲಿದ್ದರೂ ಬಿಡಲಿಲ್ಲ. ಒಂದು ಸಲ, ಯಾರಿಗೂ ನೋವಾಗದಿರಲೆಂದು, ಹೆಸರುಗಳನ್ನೆಲ್ಲ ಬದಲಿಸಿ ಅಂಗಡಿಯಲ್ಲಿ ಓದಿದ. "ಲೇ ಓಂಕಾರ, ನಾನು ಮಾಡಿದ ಗಲಾಟೇನ ಇನ್ಯಾವನ ಹೆಸರಿಗೋ ಬರ್ದ್ಬಿಟ್ಟಿದ್ದೀಯಲ್ಲೋ!" ಎಂದು ಹಮಾಲನೊಬ್ಬ ಜಗಳಕ್ಕೇ ನಿಂತ. ಹೆಸರುಗಳೆಲ್ಲ ವಾಪಸ್ ಬಂದವು.

ಅವನನ್ನು ಸಿಕ್ಕಿಹಾಕಿಸಿದ್ದು ಒಂದೇ ಅಧ್ಯಾಯ.

ಮಂಡಿ ಬೀದಿಯಲ್ಲಿ ಯಾರಾದರೂ ಕೊನೇ ಗಳಿಗೆಯಲ್ಲಿ ಪಕ್ಷ ಬದಲಿಸಿದರೆ 'ಬೀರಪ್ಪನ ಕೈ' ಎಂದು ಹಂಗಿಸುತ್ತಾರೆ. ಬಹಳ ವರ್ಷಗಳ ಹಿಂದೆ ಪುರಸಭೆ ಅಧ್ಯಕ್ಷ ಸ್ಥಾನಕ್ಕೆ ಚಿಕ್ಕಬೀರಪ್ಪ ನಿಂತಿದ್ದ. ಅವನ ಅಣ್ಣ ದೊಡ್ಡಬೀರಪ್ಪನೂ ಸದಸ್ಯ. ಕೈ ಎತ್ತಿ ಮತ ಹಾಕುವಾಗ ಅಣ್ಣನ ಕೈ ಎದುರಾಳಿಯ ಪರವಾಗಿ ಮೇಲೆ ಹೋಯಿತು. ಅದೊಂದೇ ಮತದಿಂದ ತಮ್ಮ ಸೋತ. ಅಣ್ಣ ಕೈ ಮಾರಿಕೊಂಡ ಎಂದು ಊರು ತೀರ್ಮಾನಿಸಿತು. ಚಿಕ್ಕಬೀರಪ್ಪ ಊರು ಬಿಟ್ಟು ಬುಕ್ಕಾಂಬುಧಿಯಲ್ಲಿ ಹೆಂಡತಿಯ ಕಡೆಯ ತೋಟಕ್ಕೆ ಹೋಗಿ ನೆಲೆಸಿದ. ತಾಯಿ ಕೆಂಚಮ್ಮ ತೀರಿಕೊಂಡಾಗ ಇಬ್ಬರೂ ಹೆಗಲು ಕೊಟ್ಟರು, ಮಾತಾಡಲಿಲ್ಲ.

ಓಂಕಾರೇಶ ಊರು ಹೇಳಿದಂತೆಯೇ ಬರೆದಿದ್ದ. ಆದರೆ ಬರೆದದ್ದನ್ನು ಆ ಮನುಷ್ಯನಿಗೇ ಓದಿ ಹೇಳದೆ ಅಚ್ಚಿಗೆ ಕೊಡುವವನಲ್ಲ. ದೊಡ್ಡಬೀರಪ್ಪ ಕೊಬ್ಬರಿಗೆ ಚೀಲ ಒಯ್ಯಲು ಬಂದಾಗ ಓದಿದ. ಅವರು ಮೀಸೆ ನೀವಿಕೊಳ್ಳುತ್ತ ಪೂರ್ತಿ ಕೇಳಿ, "ಬಾಗ್ಲು ಹಾಕು" ಎಂದರಂತೆ. ಮುಂದಿನದನ್ನು ಓಂಕಾರೇಶ ನನ್ನ ಮನೆಯ ಪಡಸಾಲೆಯಲ್ಲಿ ಆಡಿಯೇ ತೋರಿಸಿದ್ದ.

"ಮಾರ್ಕೊಂಡಿಲ್ಲ ಕಣೋ. ಟೀಗೆ ಎತ್ತಿದ್ದು."

"ಏನಂದ್ರಿ?"

"ಟೀಗೆ! ಟೀ ಹಂಚೋನು ನನ್ನ ಬಿಟ್ಟು ಮುಂದಕ್ಕೋದ. ಇಲ್ಲಿ ಕೊಡಪ್ಪ ಅಂತ ಕೈ ಎತ್ತಿದೆ. ಅದೇ ಹೊತ್ಗೆ ಆ ಆಫೀಸರು ಆ ಕಡೆಯೋರು ಕೈ ಎತ್ತಿ ಅಂದವ್ನೆ. ನನ್ನ ಎಡಗಿವಿ ಆಗ್ಲೇ ಹೋಗಿತ್ತು, ಯಾರಿಗೂ ಹೇಳಿರ್ಲಿಲ್ಲ. ಚಪ್ಪಾಳೆ ಬಿತ್ತು, ನಂಗೂ ಒಂದು ಹಾರ ಹಾಕಿದ್ರು. ಯಾಕೆ ಅಂತ ತಿಳಿಯೋ ಹೊತ್ಗೆ ನಮ್ಮ ಚಿಕ್ಕೋನು ಎದ್ದೋಗಿದ್ದ."

"ಆಮೇಲಾದ್ರೂ ಹೇಳ್ಬೇಕಿತ್ತಲ್ಲಣ್ಣ!"

"ಏನಂತ? ಕಿವುಡ, ಟೀ ಕೇಳೋಕೋಗಿ ತಮ್ಮನ್ನ ಸೋಲಿಸ್ದ ಅಂತ್ಲಾ? ಮಾರ್ಕೊಂಡೋನು ಅಂದ್ರೆ ಜನ ಹಿಂದೆ ಬೈದ್ರೂ ಎದುರ್ಗೆ ಕೈ ಮುಗೀತಾರೆ ಕಣೋ. ಪೆದ್ದ ಅಂದ್ರೆ ಎದುರ್ಗೇ ನಗ್ತಾರೆ. ಬೇಕಾದ್ರೆ ಬರ್ಕೋ. ಆದ್ರೆ ಕಾದಂಬರಿ ಅಂತ ಹಾಕು. ಚರಿತ್ರೆ ಅಂದ್ಯೋ, ನಿನ್ನ ಅಂಗಡಿ ಮೆಟ್ಲು ಹತ್ತಲ್ಲ."

ಓಂಕಾರೇಶ ಮಾತು ಕೊಟ್ಟ. ಕೊಟ್ಟ ಮೇಲೆ ಅವನಿಗೆ ನೆಮ್ಮದಿ ಇರಲಿಲ್ಲ. ಕಾದಂಬರಿ ಎಂದರೆ ಅಣ್ಣನ ಮರ್ಯಾದೆ ಉಳಿಯುತ್ತದೆ. ತಮ್ಮ ಅದನ್ನು ಕಟ್ಟುಕಥೆ ಎಂದುಕೊಂಡೇ ಸಾಯುತ್ತಾನೆ. ಚರಿತ್ರೆ ಎಂದರೆ ಕೊಟ್ಟ ಮಾತು ಹೋಗುತ್ತದೆ. ಬೆಳಿಗ್ಗೆ ಫೋನ್ ಮಾಡಿ ಒಂದು ಹೇಳುತ್ತಿದ್ದ, ಮಧ್ಯಾಹ್ನ ಇನ್ನೊಂದು. "ನೀವು ಓದಿದೋರು, ಹೇಳ್ರೀ" ಎಂದು ಕಾಡುತ್ತಿದ್ದ. ನಾನು ಕಾದಂಬರಿ ಎಂದರೆ ಚರಿತ್ರೆಯ ಪರ ವಾದಿಸುತ್ತಿದ್ದ, ಚರಿತ್ರೆ ಎಂದರೆ ಕಾದಂಬರಿಯ ಪರ.

ಈಗ ಆ ಪದ ನನ್ನ ಪಾಲಿಗೆ ಬಂದಿತ್ತು. ಅವನ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಬಂದವರ ಕೈಗೆ ಪುಸ್ತಕ ಕೊಡಬೇಕೆಂದು ಯಶೋದಾ ಅವರ ಆಸೆ. ನನಗೂ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಓದಲು ಪುಸ್ತಕ ತೆರೆದರೆ ಪ್ರತಿ ಪುಟದ ಅಂಚಿನಲ್ಲೂ ಅವನ ಪೆನ್ಸಿಲಿನ ತಕರಾರು. ಅವನು ಕೊನೆಯ ಸಲ ಹೋದ ದಾರಿ ಹಿಡಿದೆ. ಅಜ್ಜಂಪುರದಲ್ಲಿ ರೈಲಿಳಿದು, ಬಸ್ಸಿನಲ್ಲಿ ಬುಕ್ಕಾಂಬುಧಿಗೆ ಹೋದೆ.

ಚಿಕ್ಕಬೀರಪ್ಪ ಕೆರೆಯ ಕೆಳಗಿನ ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು.

"ಇಲ್ಲೇ ನಿಂತ್ಕೊಂಡು ಓದ್ದ ಕಣ್ರೀ. ಟೀ ಕಥೆ. ನಾನು ಬಿದ್ದು ಬಿದ್ದು ನಕ್ಕೆ. ಏನ್ ಚೆನ್ನಾಗಿ ಕಟ್ಟಿದ್ದೀಯೋ ಅಂದೆ."

"ಅವನೇನಂದ?"

"ಏನೂ ಅನ್ನಲಿಲ್ಲ. ಮುಖ ಸಪ್ಪಗಾಯ್ತು. ಆ ಮರಕ್ಕೂ ಈ ಮರಕ್ಕೂ ಒಂದಷ್ಟು ಹೊತ್ತು ಓಡಾಡ್ದ. ಎಳನೀರು ಕೆತ್ತಿ ಕೊಟ್ಟೆ, ಅರ್ಧ ಕುಡ್ದು ಹೊರಟ್ಬಿಟ್ಟ." ಅವರು ಕತ್ತಿ ಕೆಳಗಿಟ್ಟರು. "ಯಾಕ್ರೀ ಮೇಷ್ಟ್ರೇ, ಅದೇನಾರಾ ನಿಜವಾ?"

ನಿಜ ಎಂದು ಬಾಯಿಗೆ ಬಂದಿತ್ತು. ಮಾತು ಕೊಟ್ಟವನು ಅವನು, ನಾನಲ್ಲ. ಆದರೂ ಅವನು ನುಂಗಿಕೊಂಡು ಹೋದದ್ದನ್ನು ಅದೇ ಜಾಗದಲ್ಲಿ ನಿಂತು ಉಗುಳಲು ಆಗಲಿಲ್ಲ. "ಪುಸ್ತಕ ಬರಲಿ" ಎಂದೆ.

"ಬಂದ್ರೆ ಓದಾಣ. ಕಾದಂಬರಿ ತಾನೆ? ನಗೋಕೆ ಚೆನ್ನಾಗೈತೆ."

ಹಿಂದಿರುಗುವ ರೈಲಿನಲ್ಲಿ ಸೀಟು ಖಾಲಿ ಇತ್ತು. ಬಾಗಿಲ ಬಳಿ ನಿಂತೇ ಬಂದೆ. ಬೀರೂರಿನಲ್ಲಿ ಆ ಬೆಂಚನ್ನು ನೋಡದೆ ದಾಟಿ ನೇರವಾಗಿ ದೊಡ್ಡಬೀರಪ್ಪನವರ ಮನೆಗೆ ಹೋದೆ. ಅವರ ಬಲಗಡೆ ಕೂತು ತೋಟದಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

"ನಕ್ನಾ?" ಎಂದರು.

"ಬಿದ್ದು ಬಿದ್ದು ನಕ್ಕರಂತೆ."

"ಓಂಕಾರ ನಿಜ ಅಂತ ಹೇಳ್ಳಿಲ್ವಾ?"

"ನಿಮಗೆ ಮಾತು ಕೊಟ್ಟಿದ್ದನಲ್ಲ."

ದೊಡ್ಡಬೀರಪ್ಪ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸೊಸೆ ನಯನ ಟೀ ತಂದಿಟ್ಟಳು, ಆರಿತು. ಹೊರಟುಬಿಡೋಣವೆಂದು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ನಿಂತರು.

"ಅವ್ನು ಅಷ್ಟು ದೂರ ಹೋಗಿ, ಬಾಯಿ ಬಿಡ್ದೆ ಬಂದು ಸತ್ನಲ್ಲ ಮೇಷ್ಟ್ರೇ." ಆಮೇಲೆ ಬೀದಿಗೆಲ್ಲ ಕೇಳುವಂತೆ, ಕಿವಿ ಮಂದವಾದವರು ಮಾತಾಡುವ ಹಾಗೆ ಕೂಗಿದರು: "ಚರಿತ್ರೆ ಅಂತ್ಲೇ ಹಾಕ್ಸಿ! ನಗೋರು ನಗ್ಲಿ!"

ಅಲ್ಲಿಂದಲೇ ರಘುನಾಥರಿಗೆ ಫೋನ್ ಮಾಡಿದೆ.

ಶಿವಗಣಾರಾಧನೆಯ ದಿನ ಮನೆಯ ಮುಂದಿನ ಶಾಮಿಯಾನದಲ್ಲಿ ಮಂಡಿ ಬೀದಿಯೆಲ್ಲ ಸೇರಿತ್ತು. ಸ್ವಾಮಿಗಳು ಎರಡು ಮಾತಾಡಿದರು. ಪುಸ್ತಕ ಹಂಚಿದ್ದೇ ತಡ, ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕತೊಡಗಿದರು. ದೊಡ್ಡಬೀರಪ್ಪ ಮುಂದಿನ ಸಾಲಿನಲ್ಲಿ ಪುಸ್ತಕ ಮುಚ್ಚಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಹಿಂದೆ ಒಂದು ಕಡೆಯಿಂದ ಕಿಸಕ್ಕೆಂದ ಸದ್ದು ಬಂತು, ಇನ್ನೊಂದು ಕಡೆಯಿಂದ ಜೋರು ನಗು. ಅವರ ಕತ್ತು ಕೆಂಪಾದದ್ದು ನನಗೆ ಕಂಡಿತು. ಇವರನ್ನು ಇದಕ್ಕೆ ಕೂರಿಸಿದ್ದು ಸರಿಯೇ ಎಂದು ನನ್ನನ್ನೇ ಕೇಳಿಕೊಂಡೆ.

ಚಿಕ್ಕಬೀರಪ್ಪ ಬಂದದ್ದನ್ನು ನಾನು ಗಮನಿಸಿರಲಿಲ್ಲ. ಕಂಬದ ಹತ್ತಿರ ನಿಂತು ಓದುತ್ತಿದ್ದರು. ಓದುತ್ತಿದ್ದುದನ್ನು ಬಿಟ್ಟು ಮೊದಲ ಪುಟಕ್ಕೆ ತಿರುವಿ ಆ ಪದ ನೋಡಿದರು, ಮತ್ತೆ ಅಧ್ಯಾಯಕ್ಕೆ ಹೋದರು. ಈ ಸಲ ನಗಲಿಲ್ಲ. ಅಷ್ಟರಲ್ಲಿ ತಟ್ಟೆ ಹಿಡಿದು ಟೀ ಕೊಡುತ್ತಿದ್ದವನು ಮುಂದಿನ ಸಾಲಿಗೆ ಬಂದ.

"ಲೇ ಟೀ ಕೊಡೋನೇ," ಚಿಕ್ಕಬೀರಪ್ಪನ ದನಿ ಒಡೆದಿತ್ತು, "ಮೊದ್ಲು ನಮ್ಮಣ್ಣಂಗೆ ಕೊಡಪ್ಪ. ಇನ್ನೊಂದ್ಸಲ ಕೈ ಎತ್ತಿಬಿಟ್ಟಾನು."

ಶಾಮಿಯಾನದಲ್ಲಿ ನಗು ಬಿದ್ದಿತು. ದೊಡ್ಡಬೀರಪ್ಪನವರಿಗೆ ಆ ಮಾತು ಕೇಳಿಸಿರಲಿಲ್ಲ, ಎಲ್ಲರೂ ತಮ್ಮನ್ನೇ ನೋಡಿ ನಗುತ್ತಿದ್ದಾರೆಂದು ತಲೆ ತಗ್ಗಿಸಿದರು. ಚಿಕ್ಕಬೀರಪ್ಪ ಹೋಗಿ ಅಣ್ಣನ ಎಡಗಡೆ ಕೂತು, ಏನೋ ನೆನಪಾದವರಂತೆ ಎದ್ದು ಬಲಗಡೆಗೆ ಬಂದು ಕೂತು, ಅದೇ ಮಾತನ್ನು ಕಿವಿಯಲ್ಲಿ ಮತ್ತೊಮ್ಮೆ ಹೇಳಿದರು.

ಇದು ಪುಸ್ತಕದಲ್ಲಿಲ್ಲ. ಬರೆದುಕೊಳ್ಳಬೇಕಾದವನು ಇರಲಿಲ್ಲವಾದ್ದರಿಂದ, ಆ ಸಂಜೆ ಯಶೋದಾ ಅವರ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ನಾನು ಬರೆದೆ.