ನೋವಿನ ಜೊತೆ ಕೂರಲು ಕಲಿತದ್ದು

ಮೊದಲ ಸಲ ಅದು ಬಂದಾಗ ನಾನು ಕೊಲ್ಲೂರಿನ ನಮ್ಮ ಅಂಗಡಿಯಲ್ಲಿ ಯಾತ್ರಿಕರೊಬ್ಬರಿಗೆ ಕುಂಕುಮ ಕಟ್ಟಿಕೊಡುತ್ತಿದ್ದೆ. ಅವರ ಮುಖದ ಅರ್ಧ ಭಾಗ ಕಾಣಲಿಲ್ಲ. ಕಣ್ಣಂಚಿನಲ್ಲಿ ಬೆಳಕು ಅಂಕುಡೊಂಕಾಗಿ ಹರಿದಾಡಿತು. ಆಮೇಲೆ ಬಲ ಹುಬ್ಬಿನ ಮೇಲೆ ಮೊಳೆ ಹೊಡೆದ ಹಾಗೆ ನೋವು.

ಎರಡು ವರ್ಷದಲ್ಲಿ ಅದು ತಿಂಗಳಿನ ಅರ್ಧಕ್ಕಿಂತ ಹೆಚ್ಚು ದಿನ ನುಂಗತೊಡಗಿತು. ಜೀಪಿನ ಹಾರನ್, ಮಧ್ಯಾಹ್ನದ ಬಿಸಿಲು, ಊದುಬತ್ತಿಯ ವಾಸನೆ, ಯಾವುದೂ ಆಗುತ್ತಿರಲಿಲ್ಲ. ಊದುಬತ್ತಿ ಮಾರುವವಳಿಗೆ ಊದುಬತ್ತಿಯೇ ಆಗದಿದ್ದರೆ? ಅಂಗಡಿಯಲ್ಲಿ ಅತ್ತೆ ಕುಳಿತರು. ನಾನು ಕಿಟಕಿಗೆ ಕಂಬಳಿ ಕಟ್ಟಿ ಮಲಗಿದೆ.

ಏಳು ವರ್ಷದ ಮಗಳು ನನ್ನೊಡನೆ ಕೈಸನ್ನೆಯಲ್ಲೇ ಮಾತಾಡುವುದನ್ನು ಕಲಿತಿದ್ದಳು.

ನ್ಯೂರಾಲಜಿಸ್ಟ್ ಪರೀಕ್ಷಿಸಿ ಕ್ರಾನಿಕ್ ಮೈಗ್ರೇನ್ ಎಂದರು. ದಿನಾ ನುಂಗುತ್ತಿದ್ದ ಪೇನ್‌ಕಿಲ್ಲರ್ ಕೂಡ ನೋವನ್ನು ಹೆಚ್ಚಿಸುತ್ತಿದೆ ಎಂದರು. ಬೇರೆ ಮಾತ್ರೆ ಬರೆದುಕೊಟ್ಟು, ಜೊತೆಗೆ ಕುಂದಾಪುರದ ಸೈಕಾಲಜಿಸ್ಟ್ ಒಬ್ಬರ ಬಳಿ ಮೈಂಡ್‌ಫುಲ್‌ನೆಸ್ ಆಧಾರಿತ ಹಿಪ್ನೋಥೆರಪಿಗೆ ಕಳುಹಿಸಿದರು.

ಹಿಪ್ನೋ ಎಂಬ ಪದ ಕೇಳಿ ಅತ್ತೆಯ ಕೈಕೆಲಸ ನಿಂತಿತು. "ಮಂಕುಬೂದಿ ಹಾಕುದಾ? ಒಬ್ಳೇ ಹೋಪುದ್ ಬ್ಯಾಡ. ನಾನೂ ಬತ್ತೆ."

ಬಂದರು. ಸೈಕಾಲಜಿಸ್ಟ್ ನನ್ನನ್ನು ಒರಗಿ ಕೂರಿಸಿ, ಕಣ್ಣು ಮುಚ್ಚಿ ಉಸಿರು ಬಂದುಹೋಗುವುದನ್ನು ಗಮನಿಸಲು ಹೇಳಿದರು. "ನಿಮಗೆ ಎಚ್ಚರ ಇರ್ತದೆ. ಬೇಡ ಅನ್ನಿಸಿದ್ರೆ ಕಣ್ಣು ಬಿಡಿ," ಎಂದರು. ಅವರ ಸ್ವರ ನಿಧಾನವಾಗುತ್ತಾ ಹೋಯಿತು. ತಂಪಾದ ಜಾಗವೊಂದನ್ನು ನೆನೆಯಲು ಹೇಳಿದಾಗ ಬೀಜಾಡಿಯ ತವರುಮನೆಯ ಹಿಂದಿನ ಕಡಲತೀರದ ಒದ್ದೆ ಮರಳು ನೆನಪಾಯಿತು. ಆ ತಂಪು ಪಾದದಿಂದ ಮೇಲೇರಿತು. ನೋವು ಅಲ್ಲೇ ಇತ್ತು. ಅದನ್ನು ಓಡಿಸಬೇಡಿ, ಎಷ್ಟು ಅಗಲ ಇದೆ, ಎಲ್ಲಿ ಮಿಡಿಯುತ್ತದೆ, ಸುಮ್ಮನೆ ನೋಡಿ ಎಂದರು. ನೋಡಿದೆ. ಇಷ್ಟು ಕಾಲ ಹಲ್ಲು ಕಚ್ಚಿ, ಭುಜ ಬಿಗಿಹಿಡಿದು, ಇನ್ನೂ ಬಾರದ ನೋವಿಗೂ ಸೇರಿಸಿ ಹೆದರುತ್ತಿದ್ದೆ ಎಂಬುದು ಭುಜ ತಾನಾಗಿ ಕೆಳಗಿಳಿದಾಗಲೇ ನನಗೆ ತಿಳಿದದ್ದು.

ಅಳು ಬಂತು.

ಕಣ್ಣು ಬಿಟ್ಟಾಗ, ಕಾವಲಿಗೆಂದು ಬಂದಿದ್ದ ಅತ್ತೆ ಮೂಲೆಯ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಬಸ್ಸಿನಲ್ಲಿ ಮೆಲ್ಲಗೆ ಹೇಳಿದರು, "ಎಷ್ಟ್ ಸಮಯ ಆಯ್ತೇ ಹೆಣೆ, ನಂಗ್ ಇಷ್ಟ್ ಚೆಂದ ನಿದ್ರಿ ಬರ್ದೆ." ನಾನು ಮಲಗಿದ್ದ ದಿನಗಳಲ್ಲಿ ಅಂಗಡಿ, ಅಡುಗೆ, ಮಗು ಎಲ್ಲ ಅವರ ಮೇಲೆಯೇ ಬಿದ್ದಿತ್ತು. ಅದನ್ನವರು ಒಮ್ಮೆಯೂ ಆಡಿ ತೋರಿಸಿರಲಿಲ್ಲ. ಮುಂದಿನ ಸೆಷನ್‌ಗಳಿಗೂ ಜೊತೆಯಲ್ಲೇ ಬಂದರು.

ಪೂರ್ತಿ ವಾಸಿಯಾಗಿದೆ ಎನ್ನಲಾರೆ. ಮಾತ್ರೆ ನಡೆದಿದೆ, ಮನೆಯಲ್ಲಿ ದಿನಾ ಅಭ್ಯಾಸವೂ. ನೋವಿನ ದಿನಗಳು ಕಡಿಮೆಯಾಗಿವೆ. ಮಗಳು ಈಗ ನನ್ನೊಡನೆ ಗಂಟಲು ಬಿಟ್ಟು ಜಗಳವಾಡುತ್ತಾಳೆ. ಡಾಕ್ಟರಿಗೆ, ಸೈಕಾಲಜಿಸ್ಟ್‌ಗೆ, ಅತ್ತೆಗೆ, ಯಾರಿಗೆ ಮೊದಲು ಕೈಮುಗಿಯಲಿ?

ಕಳೆದ ತಿಂಗಳು ಕಿರಿಮಂಜೇಶ್ವರದಲ್ಲಿ ತಂಗಿಯ ನಾದಿನಿಯ ಮದುವೆ. ದಾರಿಯಲ್ಲೇ ಹುಬ್ಬು ಮಿಡಿಯತೊಡಗಿತು. ಮೊದಲಾದರೆ ಅಲ್ಲೇ ಇಳಿದು ಮನೆಗೆ ಮರಳುತ್ತಿದ್ದೆ. ಈ ಸಲ ಮಾತ್ರೆ ನುಂಗಿ, ಕಣ್ಣು ಮುಚ್ಚಿ, ಉಸಿರಿನ ಜೊತೆ ಕುಳಿತೆ. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದ ತಂಗಿ ನನ್ನ ಮುಖ ಕಂಡು ಬಗ್ಗಿದಳು.

"ಅಕ್ಕ, ತಲಿನೋವಾ?"

"ಹೌದ್, ಈಗ್ಳೂ ಇತ್ತ್," ಎಂದೆ. "ಅದ್ರ ಪಾಡಿಗ್ ಅದ್ ಇರ್ಲಿ. ನೀ ಇನ್ನೊಂಚೂರ್ ಪಾಯ್ಸ ಬಡ್ಸ್."