ಮೇಡಂ ನೀರಿಗಿಳಿಸಿದ ಯಂತ್ರ

ಇವತ್ತು ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿ ಸುಟ್ಟುಹೋಯಿತು. ಸುಟ್ಟ ಮೋಟಾರಿನ ವಾಸನೆ ನಿಮಗೇನು ನೆನಪಿಸುತ್ತದೋ ತಿಳಿಯದು. ನನಗೆ ಮಾತ್ರ ಶಿವಲೀಲಾ ಮೇಡಂ ನೆನಪಾಗುತ್ತಾರೆ.

ಎಂಬತ್ತರ ದಶಕದಲ್ಲಿ ಅವರು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಮಗೆ ಗಣಿತ ಕಲಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ಅವರ ತಮ್ಮ ಅಣೆಕಟ್ಟುಗಳ ಬಾಗಿಲು ದುರಸ್ತಿಗೆಂದು ನೀರಿನಾಳಕ್ಕೆ ಇಳಿಯುತ್ತಿದ್ದವನು. ಒಮ್ಮೆ ಇಳಿದವನು ಜೀವಂತವಾಗಿ ಮೇಲೆ ಬರಲಿಲ್ಲ. ಮನುಷ್ಯನ ಬದಲು ಇಳಿಯುವ, ದಡದಿಂದಲೇ ನಡೆಸಬಲ್ಲ ಯಂತ್ರವೊಂದು ಬೇಕೆಂದು ಮೇಡಂ ಹಟ ಹಿಡಿದರು. ನೀರಿನಲ್ಲಿ ಅದು ಹೇಗೆ ತಿರುಗೀತು, ಎಲ್ಲಿ ಹೋಗಿ ನಿಂತೀತು ಎಂಬುದನ್ನೆಲ್ಲ ಮೊದಲು ಸಮೀಕರಣಗಳಲ್ಲಿ ಬರೆದರು. ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ದಂಡು ಪ್ರದೇಶವಾದ ಕ್ಯಾಂಪಿನ ಗುಜರಿ ಅಂಗಡಿಯಿಂದ ಜೀಪಿನ ವೈಪರ್ ಮೋಟಾರುಗಳನ್ನು ಆರಿಸಿ ತಂದೆ, ಎರಡನ್ನು ಸುಟ್ಟೆ. ನಾನು ದೊಡ್ಡ ಎಂಜಿನಿಯರ್ ಎಂದುಕೊಂಡಿದ್ದ ಕಾಲ ಅದು.

ಖಾನಾಪುರದ ಬಳಿ ಮಲಪ್ರಭೆಯ ಮಡುವೊಂದರಲ್ಲಿ ಯಂತ್ರವನ್ನು ಇಳಿಸಿದೆವು. ಕಾಗದದ ಮೇಲೆ ನೆಟ್ಟಗೆ ಹೋಗುತ್ತಿದ್ದದ್ದು ನೀರಿನಲ್ಲಿ ಓರೆಯಾಗಿ ಸರಿದು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ವರ್ಷದ ದುಡಿಮೆ. ದಡದಿಂದ ಅದಕ್ಕೆ ಕಟ್ಟಿದ್ದ ಕೇಬಲ್ ಹಿಡಿದು ಎಳೆದರೂ ಬರಲಿಲ್ಲ. ಚಪ್ಪಲಿ ಕಳಚಿ ನೀರಿಗೆ ಕಾಲಿಟ್ಟೆ. ಮೇಡಂ ನನ್ನ ರಟ್ಟೆ ಹಿಡಿದರು.

"ಹೋದ್ರ ಹೋಗ್ಲಿ. ನೀ ಇಳಿಯೂದಾದ್ರ ನಾ ಇದನ್ನ ಯಾಕ ಮಾಡಬೇಕಿತ್ತು?"

ಕೇಬಲ್ಲನ್ನು ಅವರೇ ಕತ್ತರಿಸಿದರು. ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಯಲ್ಲಪ್ಪನೆಂಬ ಮುದುಕ ಎಲ್ಲವನ್ನೂ ನೋಡುತ್ತಿದ್ದ.

"ಮಷೀನಿಂದೇನು ತಪ್ಪಿಲ್ರಿ ಬಾಯಾರ. ನೀರು ನಿಮ್ಮ ವಾಯರ್ ಎಳ್ಯಾಕತ್ತಿತ್ತು," ಎಂದ.

ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತು ಬರೆದುಕೊಂಡರು. ನಮ್ಮ ಲೆಕ್ಕದಲ್ಲಿ ಯಂತ್ರವಿತ್ತು, ನೀರಿತ್ತು. ಯಂತ್ರಕ್ಕೆ ಕಟ್ಟಿದ ಉದ್ದನೆಯ ಕೇಬಲ್ಲೇ ಇರಲಿಲ್ಲ. ಮತ್ತೆ ಮೊದಲಿನಿಂದ ಬರೆದರು, ನಾನು ಮತ್ತೆ ಕಟ್ಟಿದೆ. ಮರುವರ್ಷ ಅದೇ ಮಡುವಿನಲ್ಲಿ ಎರಡನೆಯ ಯಂತ್ರ ಹೇಳಿದ ಕಡೆ ಹೋಯಿತು, ನಿಂತಿತು, ತಿರುಗಿ ಬಂತು. ನಾನು ಕುಣಿದಾಡಿದೆ. ಮೇಡಂ ಅದರ ಒದ್ದೆ ಮೈಯನ್ನು ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದರು.

ಇದನ್ನೆಲ್ಲ ನಿಮಗೆ ಹೇಳುವಾಗ ಒಂದು ವಿಷಯ ಹೊಳೆಯಿತು. ಅವರ ತಮ್ಮನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗಷ್ಟೇ ಮೇಡಂಗೆ ಫೋನ್ ಮಾಡಿ ಕೇಳಿದೆ.

"ಬಸವಣ್ಣಿ," ಎಂದರು. ಆಮೇಲೆ, "ಈಜು ಭಾಳ ಚಲೋ ಬರ್ತಿತ್ತು ಅವಗ."